ತಟ್ಟೆ ತೊಳೆದ ನೀರು

ಬೇಸಿಗೆ ರಜೆಗೆ ಬಂದರೆ ಕಮಲಾಕ್ಷಿ ಮೊದಲು ಮಾಡುತ್ತಿದ್ದ ಕೆಲಸ ನಿದ್ದೆ. ವರ್ಷವೆಲ್ಲ ಕಟ್ಟಿಟ್ಟುಕೊಂಡು ಬಂದವಳ ಹಾಗೆ ಮಲಗುತ್ತಿದ್ದಳು. ಈ ಸಲ ಹಾಗಾಗಲಿಲ್ಲ. ಮೈಸೂರಿನ ರೈಲು, ತುಮಕೂರಿನಿಂದಾಚೆ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು, ಎರಡರ ಮಸಿಯನ್ನೂ ಸೀರೆಗೆ ಹತ್ತಿಸಿಕೊಂಡು ಮಧುಗಿರಿಯ ಮನೆಗೆ ಬಂದಳು. ಕೈಕಾಲು ತೊಳೆದು ನಡುಮನೆಯಲ್ಲಿ ಊಟಕ್ಕೆ ಕೂತಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು, ಅಲ್ಲೇ ಬಿಟ್ಟಳು.

ತಾಯಿ ಶಿವರುದ್ರಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಮಗಳಿಗೆ ಆಗಲೇ ನಲವತ್ತರ ಹತ್ತಿರ. ಕಿವಿಯ ಪಕ್ಕ ಕೂದಲು ನೆರೆತಿತ್ತು. ಆದರೂ ಪರೀಕ್ಷೆಯ ಹಿಂದಿನ ದಿನ ಅನ್ನ ಇಳಿಯದೆ ಕೂರುತ್ತಿದ್ದ ಹುಡುಗಿಯ ಮುಖವೇ ಅದು.

ಕಮಲಾಕ್ಷಿಯ ತಂದೆ ನಂದೀಶ್ವರಯ್ಯ ಸ್ಕೂಲು ಮೇಷ್ಟರಾಗಿದ್ದವರು. ಮಗಳನ್ನು ತಮ್ಮ ಜೊತೆಯಲ್ಲೇ ಶಾಲೆಗೆ ಕರೆದುಕೊಂಡು ಹೋಗಿ ಗಂಡುಹುಡುಗರ ಹಿಂದೆ ಕೂರಿಸುತ್ತಿದ್ದರು. ಮದುವೆಯ ಮಾತು ಬಂದಾಗಲೆಲ್ಲ ಅವಳಿಗೆ ಇನ್ನೊಂದು ಪರೀಕ್ಷೆ ಅಡ್ಡ ಬರುತ್ತಿತ್ತು. ಪರೀಕ್ಷೆಗಳೆಲ್ಲ ಮುಗಿಯುವ ಹೊತ್ತಿಗೆ ಕೇಳಿ ಬರುವವರೂ ಮುಗಿದಿದ್ದರು. ಅವಳು ಗಣಿತ ಕಲಿಸುವ ಮೇಡಂ ಆದಳು. ತಂದೆ ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಕಾಲೇಜಿಗೇ ಮುಖ್ಯಸ್ಥೆಯಾದಳು. ವಿಶ್ವವಿದ್ಯಾನಿಲಯದ ಆಡಳಿತ ಸಭೆಯಲ್ಲಿ, ರುಮಾಲು ಸುತ್ತಿದ ದೊಡ್ಡ ಮನುಷ್ಯರ ನಡುವೆ, ಅವಳಿಗೂ ಒಂದು ಕುರ್ಚಿ ಹಾಕಿದರು. ಆ ಕುರ್ಚಿಯಲ್ಲಿ ಅದುವರೆಗೆ ಯಾವ ಹೆಂಗಸೂ ಕೂತಿರಲಿಲ್ಲ. ಅದನ್ನು ಕೇಳಿದ ದಿನ ಶಿವರುದ್ರಮ್ಮನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಹೆದರಿಕೆಯೇ ಆಗಿತ್ತು. ಒಬ್ಬಳೇ ಕೂತವಳ ಮೇಲೆ ಎಲ್ಲರ ಕಣ್ಣೂ ಇರುತ್ತದಲ್ಲ.

ಈಗ ಅವಳು ಹೇಳಿದ್ದು ಇಷ್ಟು. ಯುದ್ಧ ಶುರುವಾದ ಮೇಲೆ ಅಕ್ಕಿ, ಸೀಮೆಎಣ್ಣೆ, ಸೌದೆ ಎಲ್ಲಕ್ಕೂ ತತ್ವಾರ. ಕಾಲೇಜಿನ ಹಾಸ್ಟೆಲಿನಲ್ಲಿ ಮೊದಲಿಂದ ಮೂರು ಅಡಿಗೆಮನೆ. ಬ್ರಾಹ್ಮಣರ ಹುಡುಗಿಯರಿಗೊಂದು, ಲಿಂಗವಂತರ ಹುಡುಗಿಯರಿಗೊಂದು, ಉಳಿದವರಿಗೊಂದು. ಮೂರು ಒಲೆ ಉರಿಸಲು ಆಗದಿದ್ದರೆ ಹಾಸ್ಟೆಲನ್ನೇ ಮುಚ್ಚೋಣ ಎಂದಿತು ಹೋದ ವರ್ಷ ಸಭೆ. ಮುಚ್ಚಿದರೆ ದೂರದ ಊರಿನ ಹುಡುಗಿಯರೆಲ್ಲ ಗಂಟುಮೂಟೆ ಕಟ್ಟಬೇಕು. ಕಮಲಾಕ್ಷಿ ಎದ್ದು ನಿಂತು, ಮುಚ್ಚಬೇಡಿ, ಮೂರನ್ನೂ ಒಂದು ಮಾಡುತ್ತೇನೆ ಎಂದಳು. ಮಾಡಿಯೂ ಬಿಟ್ಟಳು. ಉಳಿದ ಅಡಿಗೆಯವರು ಕೆಲಸ ಬಿಟ್ಟು ಹೋದರು. ಎಲ್ಲರಿಗೂ ಬೇಯಿಸುತ್ತೇನೆ ಎಂದು ಉಳಿದವಳು ಸಿರಾ ತಾಲ್ಲೂಕಿನ ಹುಲಿಕುಂಟೆಯ ಒಕ್ಕಲುಮನೆಯ ಕೆಂಚಮ್ಮ ಒಬ್ಬಳೇ. ಹುಡುಗಿಯರು ಮೊದಮೊದಲು ಮುಖ ಊದಿಸಿಕೊಂಡರೂ ಆಮೇಲೆ ಒಂದೇ ಸಾಲಿನಲ್ಲಿ ಕೂತು ಉಂಡರು. ಕಮಲಾಕ್ಷಿಯೂ ಅದೇ ಸಾಲಿನ ಕೊನೆಯಲ್ಲಿ ಕೂತು ಉಂಡಳು.

ರಜೆ ಶುರುವಾಗುತ್ತಲೇ ಒಬ್ಬೊಬ್ಬರಾಗಿ ಹೇಳಿಕಳಿಸಿದರು, ನಮ್ಮ ಹುಡುಗಿ ಇನ್ನು ಬರುವುದಿಲ್ಲ ಎಂದು. ಬೇರೆ ಕಡೆಯವರಲ್ಲ. ಕೊರಟಗೆರೆ, ಪಾವಗಡದ ಕಡೆಯವರು. ಕಮಲಾಕ್ಷಿ ತಾನೇ ಮನೆಮನೆಗೆ ಹೋಗಿ, ನಿಮ್ಮ ಮಗಳ ಜವಾಬ್ದಾರಿ ನನ್ನದು ಎಂದು ಹೇಳಿ ಕರೆದುಕೊಂಡು ಹೋಗಿದ್ದ ಹುಡುಗಿಯರು.

“ಕಾಲೇಜು ತೆಗೆದ ಮೇಲೆ ಸಭೆ ಸೇರುತ್ತೆ ಅವ್ವ,” ಎಂದಳು. “ಹಾಸ್ಟೆಲು ಖಾಲಿ ಇದ್ದರೆ ಬೀಗ ಹಾಕ್ತಾರೆ. ನಿಮ್ಮ ಊರಿನವರೇ ನಿಮ್ಮನ್ನ ನಂಬಲಿಲ್ವಲ್ಲಮ್ಮ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.”

ಶಿವರುದ್ರಮ್ಮ ತಣ್ಣಗಾದ ಮುದ್ದೆಯನ್ನು ತೆಗೆದು ಬಿಸಿಯದನ್ನು ಹಾಕಿದರು. ನಾಳೆ ನಾನೂ ನಿನ್ನ ಜೊತೆ ಬರುತ್ತೇನೆ, ಮನೆಗಳಿಗೆ ಹೋಗಿ ಮಾತಾಡೋಣ ಎಂದರು. ಹೆಂಗಸರ ಹತ್ತಿರ ಹೆಂಗಸರು ಕೂತು ಮಾತಾಡಿದರೆ ಬಗೆಹರಿಯದ್ದು ಏನಿದೆ ಎಂದು ಅವರಿಗೆ ಅನ್ನಿಸಿತ್ತು.

ಮೊದಲು ಹೋದದ್ದು ಕೊರಟಗೆರೆಗೆ, ಜವಳಿ ಅಂಗಡಿಯ ಮಲ್ಲಿಕಾರ್ಜುನಯ್ಯನವರ ಮನೆಗೆ. ಅವರ ಮಗಳು ಸರೋಜ ಓದಿನಲ್ಲಿ ಚುರುಕು. ಮಲ್ಲಿಕಾರ್ಜುನಯ್ಯ ಒಳ್ಳೆಯವರು, ಊರಿನಲ್ಲಿ ಮಾತು ನಡೆಯುವ ಮನುಷ್ಯ. ಅವರು ಹೂಂ ಅಂದರೆ ಸುತ್ತಲ ನಾಲ್ಕು ಮನೆಯವರು ಹೂಂ ಅನ್ನುತ್ತಾರೆ. ಮನೆಯವರು ಆದರದಿಂದ ಬರಮಾಡಿಕೊಂಡರು. ಅವರೂ ಲಿಂಗವಂತರೇ ಆದ್ದರಿಂದ ಶಿವರುದ್ರಮ್ಮ ಅಲ್ಲೇ ಪೂಜೆ ಮುಗಿಸಿ ಊಟಕ್ಕೆ ಕೂತರು. ಊಟವಾದ ಮೇಲೆ ಮನೆಯಲ್ಲಿ ಮಾಡುವ ಹಾಗೆಯೇ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನು ಕುಡಿದರು. ಉಂಡದ್ದು ಬರೀ ಅನ್ನವಲ್ಲ, ಲಿಂಗಕ್ಕೆ ಅರ್ಪಿಸಿದ ಪ್ರಸಾದ. ಅದರ ಒಂದು ಅಗುಳೂ ಚೆಲ್ಲಬಾರದು. ಅತ್ತೆ ಕಲಿಸಿದ ಈ ಪದ್ಧತಿಯನ್ನು ಅವರು ಒಂದು ದಿನವೂ ಬಿಟ್ಟವರಲ್ಲ. ಲಿಂಗ ಕಟ್ಟದವರ ಮನೆಯಲ್ಲಿ ಮಾತ್ರ ಅವರು ತಟ್ಟೆಯನ್ನೇ ಮುಟ್ಟುತ್ತಿರಲಿಲ್ಲ. ಬಾಳೆಹಣ್ಣೊಂದನ್ನು ತಿಂದು ಕೈ ಮುಗಿದು ಎದ್ದುಬಿಡುತ್ತಿದ್ದರು.

ಮಲ್ಲಿಕಾರ್ಜುನಯ್ಯ ಯುದ್ಧದ ಬಗ್ಗೆ, ನೂಲಿನ ಬೆಲೆಯ ಬಗ್ಗೆ ಮಾತಾಡಿದರು. ಸರೋಜನಿಗೆ ಮೈ ಅಷ್ಟು ಸರಿಯಿಲ್ಲ, ನೋಡೋಣ ಎಂದರು. ಸರೋಜ ಗುಂಡುಕಲ್ಲಿನ ಹಾಗೆ ಕಂಬದ ಪಕ್ಕ ನಿಂತು ನೆಲ ನೋಡುತ್ತಿದ್ದಳು.

ಪಾವಗಡದಲ್ಲಿ ಶಂಕರಲಿಂಗಪ್ಪನವರು ಮನೆಯಲ್ಲೇ ಇದ್ದರೂ ತೋಟಕ್ಕೆ ಹೋಗಿದ್ದಾರೆ ಎಂದು ಹೇಳಿಸಿದರು. ಅವರ ಚಪ್ಪಲಿ ಬಾಗಿಲಲ್ಲೇ ಇತ್ತು. ಹೆಂಡತಿ ಕೊಲ್ಲಾಪುರಮ್ಮ ಎಲೆಅಡಿಕೆಯ ತಟ್ಟೆಯನ್ನು ಮುಂದಿಟ್ಟು, ಸೆರಗು ತಿರುವುತ್ತ, ಕಮಲಾಕ್ಷಿಯ ಕಡೆ ನೋಡದೆ ತಾಯಿಯ ಕಡೆ ತಿರುಗಿ, ಆ ಗಡಿಯ ತೆಲುಗು ಬೆರೆತ ಮಾತಿನಲ್ಲಿ ಹೇಳಿದಳು.

“ಚೂಡಮ್ಮಾ, ನೋಡಿ, ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ಶಿವರಾತ್ರಿ ಮುಂದೆ ನೀವು ಮೈಸೂರಿಗೆ ಹೋಗಿದ್ರಿ ಕದಾ? ಮಗಳ ಮನೆ ಜಗುಲಿ ಮೇಲೆ ಇದ್ದಿಲೊಲೆ ಇಟ್ಕೊಂಡು ಬೇರೆ ಬೇಯಿಸ್ಕೊಂಡ್ರಂತೆ. ಹುಡುಗೀರೆಲ್ಲ ನೋಡವ್ರೆ. ನಮ್ಮ ಹುಡುಗಿ ಬಂದು ನಗ್ತಾ ನಗ್ತಾ ಹೇಳಿದ್ಲು, ಮೇಡಂ ಅವ್ರಮ್ಮ ನಮಗೆಲ್ಲ ಎಳ್ಳು ಚಿಗಳಿ ಕೊಟ್ರು ಅಂತ. ಹೆತ್ತ ತಾಯಿಗೇ ಸೇರದ ಅಡಿಗೆ ನಮ್ಮ ಮಕ್ಕಳಿಗೆ ಹೆಂಗಮ್ಮ ಸೇರ್ತದೆ?”

ಶಿವರುದ್ರಮ್ಮನ ಬಾಯಲ್ಲಿ ಎಲೆ ಹಾಗೆಯೇ ಉಳಿಯಿತು. ಅವರು ಮುಚ್ಚುಮರೆ ಮಾಡಿ ಬೇಯಿಸಿಕೊಂಡದ್ದೇನೂ ಅಲ್ಲ. ಎಲ್ಲಿಗೆ ಹೋದರೂ ಹಾಗೆಯೇ ಮಾಡುತ್ತಿದ್ದರು. ಮಗಳು ಕೂಡ, ಅವ್ವ ಹೊಗೆ ಕುಡಿಯಬೇಡ ಎಂದು ಹೇಳಿ ಬೀಸಣಿಗೆ ತಂದುಕೊಟ್ಟಿದ್ದಳು. ಆ ಒಲೆಯ ಹೊಗೆ ಇಷ್ಟು ದೂರ ಬಂದು, ಇಷ್ಟು ಮನೆಗಳ ಒಳಗೆ ನುಗ್ಗಿದೆಯೆಂದು ಯಾರಿಗೆ ಗೊತ್ತಿತ್ತು.

ಬಸ್ಸಿನಲ್ಲಿ ಮಧುಗಿರಿಗೆ ವಾಪಸಾಗುವಾಗ ಕಮಲಾಕ್ಷಿ ತಾಯಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಶಿವರುದ್ರಮ್ಮ ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು ಕೂತರು. ಬೆಳಗ್ಗೆ ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಚಟ್ನಿಪುಡಿ. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಕೆಲವು ದಿನ ಕಳೆದ ಮೇಲೆ ಮಲ್ಲಿಕಾರ್ಜುನಯ್ಯ ತಾವಾಗಿಯೇ ಮಧುಗಿರಿಗೆ ಬಂದರು. ಅವರ ಮುಖದಲ್ಲಿ ಸಂಕೋಚವಿತ್ತು, ಒಂದು ದಾರಿ ಕಂಡ ಗೆಲುವೂ ಇತ್ತು. ನಾಲ್ಕು ಮನೆಯವರೂ ಸೇರಿ ಮಾತಾಡಿದ್ದೇವೆ ಎಂದರು.

“ನೀವೇ ಹೋಗಿ ಅಲ್ಲಿ ಒಲೆ ಮುಂದೆ ಕೂತ್ಕೊಳ್ಳಿ ತಾಯಿ. ಸೌಟು ನಿಮ್ಮ ಕೈಲಿರಲಿ, ಆ ಹೆಂಗಸು ಬೇಕಾದ್ರೆ ಹೊರಗೆ ಪಾತ್ರೆ ತೊಳಕೊಂಡಿರಲಿ. ಅಷ್ಟಾದ್ರೆ ನಾಳೇನೇ ಹುಡುಗೀರನ್ನ ಕಳಿಸ್ತೀವಿ.”

ಶಿವರುದ್ರಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಡಿಗೆ ಮಾಡುವುದು ಏನು ಮಹಾ. ಮಗಳ ಪಕ್ಕದಲ್ಲೇ ಇರಬಹುದು, ಅವಳ ಹೊಟ್ಟೆ ನೋಡಿಕೊಳ್ಳಬಹುದು. ಹೂಂ ಎನ್ನಲು ಬಾಯಿ ತೆರೆದು ಮಗಳ ಕಡೆ ನೋಡಿದರು. ಕಮಲಾಕ್ಷಿ, ಯೋಚನೆ ಮಾಡಿ ಹೇಳುತ್ತೇವೆ ಎಂದು ಅವರನ್ನು ಮರ್ಯಾದೆಯಿಂದ ಕಳಿಸಿಕೊಟ್ಟು ಬಂದಳು.

“ಹೋಗ್ತೀನಿ ಕಣೆ,” ಎಂದರು ಶಿವರುದ್ರಮ್ಮ. “ಇದರಲ್ಲಿ ಯೋಚನೆ ಏನಿದೆ?”

“ಕೆಂಚಮ್ಮನಿಗೆ ಏನು ಹೇಳಲಿ ಅವ್ವ? ಎಲ್ಲರೂ ಬಿಟ್ಟು ಹೋದಾಗ ಅವಳೊಬ್ಬಳು ನಿಂತಳು. ಮೂಡಲಗಿರಿಯಪ್ಪನ ಮಗಳಿಗೆ ಏನು ಹೇಳಲಿ?” ಮೂಡಲಗಿರಿಯಪ್ಪ ಸಿರಾದ ಬೇಸಾಯಗಾರ. ಮಗಳು ರಾಜಲಕ್ಷ್ಮಿಯನ್ನು ಹಿಂದೆಗೆಯದೆ ಕಳಿಸುತ್ತೇನೆ ಎಂದು ಇಡೀ ಜಿಲ್ಲೆಯಲ್ಲಿ ಹೇಳಿದ್ದವನು ಅವನೊಬ್ಬನೇ. “ನಿಮ್ಮವರು ಮಾಡಿದ್ದನ್ನ ಅವರು ತಿನ್ನಲ್ಲ, ಅವರು ಮಾಡಿದ್ದನ್ನ ನೀನು ತಿನ್ನು ಅಂತ ಹೇಳಲಾ? ಅದಕ್ಕಿಂತ ಬೀಗ ಹಾಕೋದೇ ಮೇಲು.”

“ಹಾಗಾದ್ರೆ ನಾನು ಮೈಸೂರಿಗೆ ಬಂದು ಆ ಸಾಲಲ್ಲಿ ಕೂತು ಉಣ್ಣಬೇಕಾ?”

“ನಾನು ಕೇಳಿದೀನಾ? ನಿನ್ನ ತಟ್ಟೆಗೆ ನಾನು ಯಾವತ್ತೂ ಕೈ ಹಾಕಿಲ್ಲ.” ಮೆಲ್ಲಗೆ ಸೇರಿಸಿದಳು, “ನೀನು ನನಗೆ ನಡುಮನೆಯಲ್ಲಿ ಬಡಿಸೋದನ್ನೂ ನಾನು ಕೇಳಿಲ್ಲ.”

ಆ ಮಾತನ್ನು ಇಬ್ಬರೂ ಒಂದು ವರ್ಷದಿಂದ ಆಡದೆ ಇಟ್ಟುಕೊಂಡಿದ್ದರು. ಮೊದಲೆಲ್ಲ ತಾಯಿ ಮಗಳು ಒಲೆಯ ಪಕ್ಕ, ಪೂಜೆಯ ಗೂಡಿನ ಎದುರಿಗೆ ಜೊತೆಯಾಗಿ ಕೂತು ಉಣ್ಣುತ್ತಿದ್ದರು. ಹಾಸ್ಟೆಲಿನಲ್ಲಿ ಒಂದೇ ಅಡಿಗೆಯಾಯಿತೆಂದು ಕೇಳಿದ ಮೇಲೆ ಶಿವರುದ್ರಮ್ಮ ಮಗಳ ಮಣೆಯನ್ನು ನಡುಮನೆಗೆ ತಂದು ಹಾಕಿದ್ದರು. ಅಲ್ಲಿ ಗಾಳಿ ಬರುತ್ತದೆ ಎಂದಿದ್ದರು. ಕಮಲಾಕ್ಷಿ ಹೌದು ಅವ್ವ, ಗಾಳಿ ಚೆನ್ನಾಗಿದೆ ಎಂದು ಕೂತಿದ್ದಳು.

ಆ ವಾರವೆಲ್ಲ ಶಿವರುದ್ರಮ್ಮನ ಕೈಗೆ ಕೆಲಸ ಹತ್ತಲಿಲ್ಲ. ರಾಗಿ ಬೀಸುತ್ತ ಬೀಸುತ್ತ ನಿಂತುಬಿಡುತ್ತಿದ್ದರು. ಪೂಜೆಗೆ ಕೂತು ಎಡಗೈಯಲ್ಲಿ ಲಿಂಗವನ್ನು ಇಟ್ಟುಕೊಂಡರೆ ಕಣ್ಣು ಲಿಂಗದ ಮೇಲೆ, ಮನಸ್ಸು ಮೈಸೂರಿನ ಬೀಗದ ಮೇಲೆ. ಕಾಲೇಜು ತೆಗೆಯುವ ದಿನ ಹತ್ತಿರವಾಗುತ್ತಿತ್ತು. ಕಮಲಾಕ್ಷಿ ತೋವಿನಕೆರೆಗೆ, ಸಿರಾಕ್ಕೆ ಒಬ್ಬಳೇ ಓಡಾಡಿ ಬರುತ್ತಿದ್ದಳು. ಬಂದವಳ ಮುಖ ನೋಡಿದರೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲ.

ಒಂದು ದಿನ ಮಗಳು ಎರಡು ದಿನಕ್ಕೆಂದು ತುಮಕೂರಿಗೆ ಹೋದ ಹೊತ್ತು ನೋಡಿ ಶಿವರುದ್ರಮ್ಮ ಹುಲಿಕುಂಟೆಗೆ ಗಾಡಿ ಕಟ್ಟಿಸಿದರು. ಕೆಂಚಮ್ಮ ಅಂಗಳದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವಳು ಎದ್ದು ಬಂದು, ಯಾರಿಗೇನಾಯ್ತು ಎಂದು ಗಾಬರಿಯಿಂದ ಕೇಳಿದಳು. ನಮ್ಮ ಮನೆಗೆ ಬಂದು ಒಂದು ಹೊತ್ತು ಅಡಿಗೆ ಮಾಡಬೇಕು ಎಂದರು ಶಿವರುದ್ರಮ್ಮ. ಕೆಂಚಮ್ಮ ಕೈಯಲ್ಲಿದ್ದ ಹುಲ್ಲಿನ ಕುಚ್ಚನ್ನು ಕೆಳಗೆ ಹಾಕಿದಳು.

“ಬ್ಯಾಡ ಕಣಮ್ಮ. ನಾನು ಬಂದು ನಿಮ್ಮ ಒಲೆ ಮುಂದೆ ಕುಂತ್ರೆ ನಿಮ್ಮತ್ತೆ ಗೋಡೆ ಮ್ಯಾಲಿನ ಪಟದಿಂದ ಇಳಿದು ಬಂದ್ಬುಡ್ತಾರೆ.”

“ಬರಲಿ. ಅವರಿಗೂ ಒಂದು ತಟ್ಟೆ ಇಡೋಣ.”

ಕೆಂಚಮ್ಮ ನಕ್ಕಳು. ಆಮೇಲೆ ನಗು ನಿಂತು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದಳು. “ನಿಮ್ಮ ಬೀದಿ ಜನ ನಿಮ್ಮನ್ನ ಸುಮ್ಕೆ ಬುಡಾಕಿಲ್ಲ. ನಂಗೇನು, ಉಂಡೋರೂ ಬೈತಾರೆ, ಉಣ್ದೋರೂ ಬೈತಾರೆ, ಅಭ್ಯಾಸ ಆಗೈತೆ. ನೀವು ತಡ್ಕೊಂತೀರಾ?”

ಶಿವರುದ್ರಮ್ಮ ಬೀದಿಯ ಕಡೆ ತಿರುಗಿದರು. ಗಾಡಿ ಕಾಯುತ್ತಿದೆ ಎಂದರು.

ಮಲ್ಲಿಕಾರ್ಜುನಯ್ಯನವರಿಗೆ, ನಿಮ್ಮ ಮಾತಿಗೆ ಉತ್ತರ ಹೇಳುತ್ತೇನೆ, ಸರೋಜನನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿಕಳಿಸಿದ್ದರು. ಅವರು ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬಂದರು. ನಡುಮನೆಯಲ್ಲಿ ಕೂತ ಅವರಿಗೆ ತೆರೆದಿದ್ದ ಬಾಗಿಲಿನಿಂದ ಒಲೆ ನೇರವಾಗಿ ಕಾಣುತ್ತಿತ್ತು. ಒಲೆಯ ಮುಂದೆ ಕೆಂಚಮ್ಮ ಬೆವರುತ್ತ ಮುದ್ದೆ ತಿರುವುತ್ತಿದ್ದಳು. ಹುರುಳಿಕಾಳು ಬಸ್ಸಾರಿನ ವಾಸನೆ ಮನೆಯೆಲ್ಲ ತುಂಬಿತ್ತು. ಸರೋಜ ಅವಳನ್ನು ನೋಡಿ ಥಟ್ಟನೆ ನಕ್ಕು, ಅಪ್ಪನ ಮುಖ ನೋಡಿ ನಗುವನ್ನು ನುಂಗಿಕೊಂಡಳು.

ಶಿವರುದ್ರಮ್ಮ ಸ್ನಾನ ಮಾಡಿ ಬಂದು, ಪೂಜೆಯ ಗೂಡಿನ ಮುಂದೆ ಕೂತು ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಪೂಜೆ ಮಾಡಿದರು. ವಿಭೂತಿ ಜಾರಿ ಮಡಿಲಿಗೆ ಬಿತ್ತು. ಯಾವಾಗಲೂ ಎಲ್ಲರದೂ ಆದ ಮೇಲೆ ಕೂರುವ ಅವರು ಅವತ್ತು ಮೊದಲು ಕೂತರು. ಬಡಿಸು ಎಂದರು. ಕೆಂಚಮ್ಮ ಬಡಿಸಿದಳು. ಸಾರು ತಟ್ಟೆಯ ಅಂಚಿಗೆ ಚೆಲ್ಲಿತು.

ಮೊದಲ ತುತ್ತು ಗಂಟಲಲ್ಲಿ ನಿಂತಿತು. ಅರವತ್ತು ವರ್ಷದ ಗಂಟಲು. ಶಿವರುದ್ರಮ್ಮ ಕಣ್ಣು ಮುಚ್ಚಿಕೊಂಡರು, ನುಂಗಿದರು. ಎರಡನೆಯದು ಇಳಿಯಿತು. ಸಾರಿಗೆ ಉಪ್ಪು ಒಂದು ಹಿಡಿ ಹೆಚ್ಚಾಗಿತ್ತು. ಹೆದರಿಕೆಯಲ್ಲಿ ಹಾಕಿದ್ದಳೇನೋ. ನಿಧಾನವಾಗಿ ಎಲ್ಲವನ್ನೂ ಉಂಡರು.

ಉಂಡು ಎದ್ದಿದ್ದರೆ ಅದು ಹಟಕ್ಕೆ ಉಂಡದ್ದಾಗುತ್ತಿತ್ತು. ಮಗಳ ಕುರ್ಚಿಗಾಗಿ ಒಂದು ಹೊತ್ತು ಕಣ್ಣು ಮುಚ್ಚಿಕೊಂಡು ನುಂಗಿದರು ಎಂದು ಮಲ್ಲಿಕಾರ್ಜುನಯ್ಯ ಹೋಗಿ ಹೇಳುತ್ತಿದ್ದರು. ಶಿವರುದ್ರಮ್ಮ ಏಳಲಿಲ್ಲ. ಚೊಂಬಿನಿಂದ ತಟ್ಟೆಗೆ ನೀರು ಹಾಕಿಕೊಂಡರು. ಬೆರಳಿನಿಂದ ಸುತ್ತಲೂ ಸವರಿ, ಅಂಚಿಗೆ ಅಂಟಿದ್ದ ರಾಗಿಯ ಚೂರನ್ನೂ ಬಿಡದೆ ತೊಳೆದರು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಆ ನೀರನ್ನು ಕುಡಿದರು.

ಕೆಂಚಮ್ಮ ಸೌಟು ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

ಮಲ್ಲಿಕಾರ್ಜುನಯ್ಯ ಖಾಲಿ ತಟ್ಟೆಯಿಂದ ಕಣ್ಣು ತೆಗೆದು, ಬಿಸಿಲು ಇಳಿಯುವ ಮುಂಚೆ ಊರು ಸೇರಬೇಕು ಎಂದು ಎದ್ದರು. ಊಟ ಮಾಡಲಿಲ್ಲ. ಶಿವರುದ್ರಮ್ಮನೂ ಬಲವಂತ ಮಾಡಲಿಲ್ಲ. ಸರೋಜ ಹೊಸ್ತಿಲು ದಾಟುವಾಗ ತಿರುಗಿ ನೋಡಿದಳು.

ಸಂಜೆ ತುಮಕೂರಿನಿಂದ ಬಂದ ಕಮಲಾಕ್ಷಿ ನಡುಮನೆಯಲ್ಲಿ ತನ್ನ ಮಣೆಯನ್ನು ಹುಡುಕಿದಳು. ಮಣೆ ಒಲೆಯ ಪಕ್ಕದಲ್ಲಿತ್ತು. ಅಲ್ಲಿ ಕೆಂಚಮ್ಮನೂ ಕೂತಿದ್ದಳು. ತಾಯಿ ತಲೆ ಎತ್ತದೆ, ನಡುಮನೆಯಲ್ಲಿ ಗಾಳಿ ಜಾಸ್ತಿ, ದೀಪ ನಿಲ್ಲಲ್ಲ ಎಂದರು. ಕಮಲಾಕ್ಷಿ ಇಬ್ಬರ ಮುಖವನ್ನೂ ನೋಡಿ ಬಂದು ಕೂತಳು. ಸಾರು ಬಾಯಿಗಿಟ್ಟು, “ಉಪ್ಪು,” ಎಂದಳು. ಆಮೇಲೆ ಇನ್ನಷ್ಟು ಹಾಕಿಸಿಕೊಳ್ಳಲು ತಟ್ಟೆ ಮುಂದೆ ಮಾಡಿದಳು.

ಸುದ್ದಿ ಬೀದಿಗೆ ಹೋಗಲು ಹೊತ್ತು ಹಿಡಿಯಲಿಲ್ಲ. ಸೋಮವಾರ ಬೆಳಗ್ಗೆ ಮಠದ ಅಯ್ಯನವರು ಭಿಕ್ಷೆಗೆ ಬರುವ ಹೊತ್ತಿಗೆ ಶಿವರುದ್ರಮ್ಮ ಎಂದಿನಂತೆ ಮೊರದಲ್ಲಿ ರಾಗಿಹಿಟ್ಟು ಇಟ್ಟುಕೊಂಡು ಬಾಗಿಲಲ್ಲಿ ನಿಂತರು. ಅಯ್ಯನವರು ಪಕ್ಕದ ಮನೆಯಲ್ಲಿ ಭಿಕ್ಷೆ ತೆಗೆದುಕೊಂಡು, ಇವರ ಮನೆಯನ್ನು ದಾಟಿ, ಆಚೆಯ ಮನೆಯ ಮುಂದೆ ನಿಂತರು. ಜಂಗಮರು ದಾಟಿಹೋದ ಮನೆ ಎಂದರೆ ಕುಲದಿಂದ ಹೊರಗಿಟ್ಟ ಮನೆ ಎಂದು ಬೀದಿಗೆಲ್ಲ ಗೊತ್ತು. ಶಿವರುದ್ರಮ್ಮ ಮೊರವನ್ನು ಒಳಗೆ ತಂದು ಹಿಟ್ಟನ್ನು ಮತ್ತೆ ಡಬ್ಬಕ್ಕೆ ಸುರಿದರು. ಮಗಳಿಗೆ ಹೇಳಲಿಲ್ಲ. ಕೊರಟಗೆರೆಯಿಂದ ಯಾವ ಸುದ್ದಿಯೂ ಬಂದಿರಲಿಲ್ಲ. ಉಂಡದ್ದು ದಂಡವಾಯಿತೇ ಎಂಬ ಪ್ರಶ್ನೆ ಮಾತ್ರ ಎದೆಯಲ್ಲಿ ಕೂತುಬಿಟ್ಟಿತು.

ಹೊರಡುವ ದಿನ ಕೆಂಚಮ್ಮನೂ ಸೇರಿ ಮೂವರೂ ಬಸ್ ನಿಲ್ಲುವ ಕಡೆಗೆ ಹೋದರು. ಶಿವರುದ್ರಮ್ಮ, ತುಮಕೂರಿನ ರೈಲಿನವರೆಗೆ ಬರುತ್ತೇನೆ ಎಂದಿದ್ದರು. ಬೆಟ್ಟದ ನೆರಳು ಇನ್ನೂ ಪೇಟೆಯ ಮೇಲಿತ್ತು. ಪಾವಗಡದಿಂದ ಬರುವ ಬಸ್ಸು ಕೆಮ್ಮುತ್ತ ಬಂದು ನಿಂತಿತು. ಕಮಲಾಕ್ಷಿ ಮುಂದಿನ ಬಾಗಿಲಿನಿಂದ ಹತ್ತಿ ಸೀಟುಗಳನ್ನೆಲ್ಲ ಕಣ್ಣಲ್ಲಿ ಹುಡುಕುತ್ತ ಹಿಂದಿನವರೆಗೆ ಹೋದಳು. ಶಂಕರಲಿಂಗಪ್ಪನವರ ಮಗಳು ಇರಲಿಲ್ಲ. ಕಡಲೆಕಾಯಿ ಮೂಟೆಗಳ ನಡುವೆ ಜಾಗ ಮಾಡಿಕೊಂಡು ಮೂವರೂ ಕೂತರು.

ಕೊರಟಗೆರೆಯವರೆಗೆ ಶಿವರುದ್ರಮ್ಮ ಸೆರಗಿನೊಳಗೆ ಕರಡಿಗೆಯನ್ನು ಹಿಡಿದುಕೊಂಡೇ ಇದ್ದರು. ಊರು ಹತ್ತಿರವಾದಾಗ ಕಮಲಾಕ್ಷಿ ಕಿಟಕಿಯ ಕಡೆ ನೋಡುವುದನ್ನು ಬಿಟ್ಟು ತನ್ನ ಕೈಗಳನ್ನು ನೋಡಿಕೊಳ್ಳತೊಡಗಿದಳು. ಹೊರಗೆ ನೋಡಿದವರು ಶಿವರುದ್ರಮ್ಮ. ಮರದ ಕೆಳಗೆ ಮಲ್ಲಿಕಾರ್ಜುನಯ್ಯ ಒಬ್ಬರೇ ನಿಂತಿದ್ದರು.

ಕ್ಲೀನರು ಇದ್ದಿಲು ಕೆದಕಲು ಇಳಿದ. ಮಲ್ಲಿಕಾರ್ಜುನಯ್ಯ ಕಿಟಕಿಯ ಹತ್ತಿರ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಶಿವರುದ್ರಮ್ಮನ ಮುಖ ನೋಡದೆ ಬಸ್ಸಿನ ತಗಡನ್ನು ನೋಡುತ್ತ ಹೇಳಿದರು.

“ಅವತ್ತು ನೀವು ತಟ್ಟೆ ತೊಳೆದು ಕುಡಿದದ್ದು ನೋಡದೇ ಇದ್ದಿದ್ರೆ ಚೆನ್ನಾಗಿತ್ತು ತಾಯಿ. ಮನೇಲಿ ಆವತ್ತಿಂದ ಸರೋಜ ಊಟ ಆದ ಮೇಲೆ ತಟ್ಟೆ ಮುಂದೆ ಹಂಗೇ ಕೂತಿರ್ತಾಳೆ, ಏಳಲ್ಲ. ಏನೂ ಕೇಳಲ್ಲ, ಸುಮ್ಮನೆ ನನ್ನ ನೋಡ್ತಾಳೆ.” ತಗಡಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. “ನಂಗೆ ನಿಮ್ಮ ಹಾಸ್ಟೆಲಲ್ಲಿ ಉಣ್ಣೋಕೆ ಆಗಲ್ಲ. ನಾಳೆ ನಾನು ನೋಡೋಕೆ ಬಂದ್ರೂ ಬುತ್ತಿ ಕಟ್ಕೊಂಡೇ ಬರ್ತೀನಿ. ಅದಕ್ಕೆ ನೀವು ಬೇಜಾರು ಮಾಡ್ಕೋಬಾರದು. ಅವಳು ಬೇಕಾದ್ರೆ ಉಣ್ಲಿ.”

ಆಮೇಲೆ ಅಂಗಡಿಯ ಕಡೆ ತಿರುಗಿ ಕೈ ಬೀಸಿದರು. ಅಲ್ಲಿಂದ ಸರೋಜ, ತಾಯಿಯ ಕೈ ಬಿಡಿಸಿಕೊಂಡು, ಹಾಸಿಗೆಯ ಸುರುಳಿಯನ್ನು ಬಗಲಿಗೆ ಒತ್ತಿಕೊಂಡು ಓಡೋಡುತ್ತ ಬಂದಳು. ಹತ್ತಿದವಳೇ ಕೆಂಚಮ್ಮನ ಪಕ್ಕ ಮೂಟೆಯ ಮೇಲೆ ಕೂತಳು.

“ಬಂದ್ಬುಟ್ಯಾ? ಆವತ್ತು ಮುದ್ದೆ ಉಣ್ದೆ ಓಡೋದೆ,” ಎಂದಳು ಕೆಂಚಮ್ಮ.

“ಉಪ್ಪು ಜಾಸ್ತಿ ಇರೋದು ವಾಸನೇಲೇ ಗೊತ್ತಾಯ್ತು,” ಎಂದಳು ಸರೋಜ.

ಬಸ್ಸು ಹೊರಟಿತು. ಒಬ್ಬಳು ಹತ್ತಿದ್ದಾಳೆ. ಸಿರಾದ ರಾಜಲಕ್ಷ್ಮಿ ತುಮಕೂರಿನಲ್ಲಿ ಬಂದು ಕೂಡಿಕೊಳ್ಳುತ್ತೇನೆ ಎಂದಿದ್ದಾಳೆ. ಮಲ್ಲಿಕಾರ್ಜುನಯ್ಯ ಮಗಳನ್ನು ಕಳಿಸಿದರೆಂದು ತಿಳಿದರೆ ಉಳಿದವರು ಕಳಿಸಬಹುದು, ಕಳಿಸದೆಯೂ ಇರಬಹುದು. ಅಷ್ಟರಲ್ಲಿ ಸಭೆ ಸೇರಿಬಿಡಬಹುದು. ಇಷ್ಟು ಜನ ಸಾಕಾ ಎಂದು ಕೇಳಬೇಕೆಂದು ಶಿವರುದ್ರಮ್ಮ ಮಗಳ ಕಡೆ ತಿರುಗಿದರು. ಕಮಲಾಕ್ಷಿ ಕಿಟಕಿಗೆ ತಲೆ ಆನಿಸಿಕೊಂಡು, ಬಾಯಿ ಸ್ವಲ್ಪ ತೆರೆದು, ಧೂಳಿನಲ್ಲಿ ನಿದ್ದೆ ಹೋಗಿದ್ದಳು. ರಜೆಯೆಲ್ಲ ಬಾರದ ನಿದ್ದೆ. ಶಿವರುದ್ರಮ್ಮ ಸೆರಗನ್ನು ಎಳೆದು ಅವಳ ಮುಖಕ್ಕೆ ಬಿಸಿಲು ಬೀಳದ ಹಾಗೆ ಹಿಡಿದುಕೊಂಡು, ತುಮಕೂರು ಬರುವವರೆಗೂ ಎದುರಿನ ರಸ್ತೆಯನ್ನೇ ನೋಡುತ್ತ ಕೂತರು.